ದೋಣಿ ಕೊಳ್ಳುವ ಮುನ್ನ

(ವಾಚನಾಲಯದ ಭಾನುವಾರದ ಕೂಟದಲ್ಲಿ ಓದಿದ ಭಾಷಣ)



ನಮ್ಮಲ್ಲಿ ಹಲವರು ಕರಾವಳಿಯ ಹೊಳೆದಂಡೆಯ ಊರುಗಳಿಂದ ಬಂದವರು. ಸಣ್ಣ ದೋಣಿಯೊಂದು ಮಾರಾಟಕ್ಕಿದೆ, ಹಣ ಕಳುಹಿಸು ಎಂದು ಊರಿನಿಂದ ಅಣ್ಣನೋ ಭಾವನೋ ತಿಳಿಸಿದರೆ ನಾವು ಬೆಲೆ ಕೇಳುತ್ತೇವೆ, ಉದ್ದ ಕೇಳುತ್ತೇವೆ. ಅದು ನೀರಿನಲ್ಲಿ ಹೇಗೆ ನಿಲ್ಲುತ್ತದೆಂದು ಕೇಳುವುದು ಕಡಿಮೆ. ಹಣ ನಮ್ಮದು, ಅದರಲ್ಲಿ ಕೂರುವ ಜೀವ ನಮ್ಮವರದು. ಆದುದರಿಂದ ಇಂದು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ದೋಣಿಯ ಸ್ಥಿರತೆಯಲ್ಲಿ ಎರಡು ಬಗೆ. ಹತ್ತಿ ಕುಳಿತಾಗ ತೂಗಾಡದೆ ನಿಲ್ಲುವುದು ಮೊದಲನೆಯದು. ಬಹಳ ವಾಲಿದ ಮೇಲೂ ಮಗುಚದೆ ಮರಳಿ ಏಳುವುದು ಎರಡನೆಯದು. ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆಂದು ತಿಳಿಯಬಾರದು.

ತಳ ಚಪ್ಪಟೆಯಾದ, ಅಗಲವಾದ ದೋಣಿ ನಿಂತ ನೀರಿನಲ್ಲಿ ಹಲಗೆಯಂತೆ ಕೂರುತ್ತದೆ. ಬಲೆ ಎಳೆಯಲು, ಸಾಮಾನು ಹೇರಲು ಬಹಳ ಅನುಕೂಲ. ಆದರೆ ಪಕ್ಕದಿಂದ ಅಲೆ ಬಂದಾಗ ಅಲೆಯ ಇಳಿಜಾರಿನೊಡನೆ ತಾನೂ ವಾಲುತ್ತದೆ. ಮಿತಿ ದಾಟಿದರೆ ಥಟ್ಟನೆ ಮಗುಚೀತು.

ತಳ ತುಸು ಬಾಗಿದ್ದು, ಪಕ್ಕಗಳು ಮೇಲೆ ಹೋದಂತೆ ಹೊರಕ್ಕೆ ಚಾಚಿದ ದೋಣಿ ಹತ್ತುವಾಗ ಅಲುಗುತ್ತದೆ. ಹೊಸಬರಿಗೆ ಹೆದರಿಕೆ. ಆದರೆ ವಾಲಿದಂತೆಲ್ಲ ಆ ಪಕ್ಕದಲ್ಲಿ ನೀರಿಗೆ ತಾಗುವ ಅಗಲ ಹೆಚ್ಚಿ ದೋಣಿಯನ್ನು ಎತ್ತಿ ಹಿಡಿಯುತ್ತದೆ. ಒಳಹೊಳೆಯ ಶಾಂತ ನೀರಿಗೆ ಮೊದಲನೆಯದು ಸಾಕು. ಅಳಿವೆಯ ಬಳಿ ಅಲೆಗೆ ಹೋಗುವವರಿಗೆ ಎರಡನೆಯದೇ ಲೇಸು. ಪೂರ್ತಿ ಉರುಟಾದ ತಳ ಮಾತ್ರ ದಿಮ್ಮಿಯಂತೆ ಉರುಳಲು ನೋಡುತ್ತದೆ.

ಅಗಲವನ್ನು ಮೇಲಿನ ಅಂಚಿನಲ್ಲಿ ಅಳೆದರೆ ಸಾಲದು; ಹೊರೆ ಹೇರಿದಾಗ ನೀರು ಮುಟ್ಟುವ ಗೆರೆಯಲ್ಲಿ ಅಳೆಯಬೇಕು. ಅಲ್ಲಿ 30 ಅಂಗುಲಕ್ಕೆ ಬದಲು 33 ಇದ್ದರೆ, ಉಳಿದುದೆಲ್ಲ ಒಂದೇ ಆದಾಗ, ಅಗಲದಿಂದ ದೊರೆಯುವ ಆಸರೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಹುಟ್ಟು ಹಾಕುವ ಶ್ರಮವೂ ಹೆಚ್ಚುತ್ತದೆ. ಅಗಲ ಕಿರಿದಾದ ದೋಣಿಗೆ ಎರಡು ಕೋಲು ಚಾಚಿ, ತುದಿಗೆ ತೇಲುವ ದಿಮ್ಮಿ ಕಟ್ಟುವ ಹಿರಿಯರ ಉಪಾಯದ ಗುಟ್ಟೂ ಈ ಅಗಲವೇ.

ಎಂಥ ದೋಣಿಯಾದರೂ ಭಾರ ತಳದಲ್ಲಿ, ನಡುವೆ ಇರಬೇಕು. ಕೂತವನಿಗೆ ಸ್ಥಿರವಾದ ದೋಣಿ ನಿಂತವನನ್ನು ನೀರಿಗೆ ಕೆಡಹಬಲ್ಲದು. ಅತಿಯಾಗಿ ಹೇರಿದರೆ ಅಂಚು ನೀರಿಗೆ ಇಳಿದು, ಸಣ್ಣ ವಾಲಿಕೆಗೇ ನೀರು ಒಳನುಗ್ಗುತ್ತದೆ.

ಆದುದರಿಂದ ಹಣ ಕಳುಹಿಸುವ ಮುನ್ನ ಊರಿಗೆ ಹೀಗೆ ತಿಳಿಸೋಣ: ಈಜು ಬಲ್ಲ ಇಬ್ಬರು ಸೊಂಟದಷ್ಟು ಆಳದ ನಿಂತ ನೀರಿನಲ್ಲಿ, ದಿನವೂ ಹೊರುವಷ್ಟು ಭಾರವನ್ನು ಮರಳಿನ ಚೀಲಗಳಲ್ಲಿ ಹೇರಿ, ದೋಣಿಯನ್ನು ನಿಧಾನವಾಗಿ ವಾಲಿಸಿ ನೋಡಲಿ. ಬರಿದಾದ ದೋಣಿಯನ್ನು ನೋಡಿ ಬೆಲೆ ಕಟ್ಟುವುದು ಬೇಡ. ಬೆಲೆಯಲ್ಲಿ ಉಳಿದ ಹಣವಿದ್ದರೆ ಲೈಫ್ ಜಾಕೆಟ್ಟಿಗೆ ಹೋಗಲಿ.