ಚೀಲಕ್ಕೆ ಹೊಲಿದ ನೀಲಿ ಚೀಟಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ, ಮುಂದೆ ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಕ್ಷರ, ಅಂಕಿ ಬೆರೆತ ಫೈಲ್ ಹೆಸರುಗಳನ್ನು ದಿನವೆಲ್ಲ ಓದುತ್ತೇನೆ. ಅಂಥದ್ದೇ ಒಂದು ಹೆಸರನ್ನು ಸರಿಯಾಗಿ ಓದದೆ ಕೆಟ್ಟ ಕಥೆಯನ್ನು ಇಂದು ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಮಳೆ ತಡವಾಯಿತು. ಆಗಸ್ಟ್ ಮೂರನೇ ವಾರ ಅಪ್ಪ ಫೋನ್ ಮಾಡಿ, "ಬರ್ತಾ ದೊಡ್ಡಬಳ್ಳಾಪುರದಲ್ಲಿ ರಾಗಿ ಬೀಜ ತಗೊಂಡು ಬಾ. ಜಿಪಿಯು 48 ಅಂತ ಕೇಳು" ಅಂದರು. ನಮ್ಮ ಆಫೀಸಿನಲ್ಲಿ ಜಿಪಿಯು ಎಂದರೆ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್. ನನಗೆ ನಗು ಬಂತು. ಅಂಗಡಿಯಲ್ಲಿ ಅದು ಮುಗಿದಿತ್ತು, ಎಂಆರ್ 6 ಇತ್ತು. ಯಾವುದಾದರೇನು, ರಾಗಿ ರಾಗಿಯೇ ಎಂದು ಅದನ್ನೇ ತೆಗೆದುಕೊಂಡೆ. ರಾತ್ರಿ ಮನೆ ಸೇರಿದೆ. ಬೇರೆ ತಳಿ ಎಂದು ಹೇಳಲೂ ಇಲ್ಲ. ಬೆಳಗ್ಗೆ ಅಪ್ಪ ನನ್ನನ್ನು ನಂಬಿ ಬಿತ್ತಿದರು.

ಜಿಪಿಯು 48 ಸುಮಾರು 100 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಎಂಆರ್ 6ಕ್ಕೆ 120 ದಿನಕ್ಕೂ ಹೆಚ್ಚು ಬೇಕು. ಅದು ಬೇಗ ಬಿತ್ತಬೇಕಾದ ತಳಿ. ತೆನೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ಮಳೆ ನಿಂತಿತು. ಬಹುಪಾಲು ಜೊಳ್ಳು. ಅಪ್ಪ ಚೀಲದ ನೀಲಿ ಚೀಟಿಯನ್ನು ನನ್ನ ಕೈಗಿಟ್ಟು, "ಕಂಪ್ಯೂಟರ್ ಓದ್ತೀಯ, ಇದನ್ನ ಓದಲಿಲ್ವೇನಪ್ಪಾ?" ಎಂದರು. ಬೇರೇನೂ ಅನ್ನಲಿಲ್ಲ.

ಅಂದಿನಿಂದ ಯಾವ ಕೋಡ್ ಕಂಡರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅಕ್ಷರ ಎಲ್ಲಿಂದ ಬಂತು? ಅಂಕಿ ಅಳತೆಯೋ, ಬರೀ ಹೆಸರೋ? ಗೊಬ್ಬರದ ಚೀಲದ ಮೇಲೆ 10:26:26 ಎಂದಿದ್ದರೆ ಅದು ಅಳತೆ. ನೂರಕ್ಕೆ 10 ಪಾಲು ಸಾರಜನಕ, 26 ರಂಜಕ, 26 ಪೊಟ್ಯಾಷ್; 50 ಕೆ.ಜಿ. ಚೀಲದಲ್ಲಿ 5, 13, 13 ಕೆ.ಜಿ. ಆದರೆ ಜಿಪಿಯು 28, ಜಿಪಿಯು 48ರಲ್ಲಿ ಅಂಕಿ ದಿನವೂ ಅಲ್ಲ, ಇಳುವರಿಯೂ ಅಲ್ಲ, ಗುರುತು ಅಷ್ಟೇ. 48 ದೊಡ್ಡದು, ಆದರೆ ಬೇಗ ಬರುವುದು ಅದೇ. ಅಂಕಿ ನೋಡಿ ಊಹಿಸಿದರೆ ಮೋಸ ಹೋಗುತ್ತೇವೆ. ಎಷ್ಟು ದಿನದ ಬೆಳೆ ಎಂದು ಕೇಳಿಯೇ ತಿಳಿಯಬೇಕು.

ಹೆಸರಿಡುವವರಿಗೂ ಒಂದು ಹೊಣೆಯಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿದ್ದ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳಿಗೆ ಇಂಡಾಫ್ ಎಂದು ಹೆಸರಾಯಿತು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ತಂದೆತಾಯಿ ಯಾರೆಂದು ಹೆಸರೇ ಹೇಳುತ್ತದೆ. ನಾನು ಇಂಜಿನಿಯರ್ ಆಗಿಯೂ ನನ್ನ ಫೈಲಿಗೆ "ಫೈನಲ್", ಆಮೇಲೆ "ಹೊಸ ಫೈನಲ್", ಆಮೇಲೆ "ಹೊಸ ಫೈನಲ್ 2" ಎಂದಿಟ್ಟು, ಆರು ತಿಂಗಳ ನಂತರ ಯಾವುದು ಸರಿಯೆಂದು ತಿಳಿಯದೆ ಒದ್ದಾಡಿದ್ದೇನೆ. ಈಗ ವಿಷಯ ಬರೆದು, ಮುಂದೆ ವರ್ಷ, ತಿಂಗಳು, ದಿನ ಇದೇ ಸಾಲಿನಲ್ಲಿ ಹಾಕುತ್ತೇನೆ. ಒಂದೇ ವಿಷಯದ ಫೈಲುಗಳು ಆಗ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಮಕ್ಕಳೇ, ಇವತ್ತು ಮನೆಗೆ ಹೋಗಿ ಬೀಜದ ಚೀಟಿ, ಗೊಬ್ಬರದ ಚೀಲ, ಔಷಧಿಯ ಡಬ್ಬಿ ತೆಗೆದು ಅಪ್ಪ ಅಮ್ಮನಿಗೆ ಓದಿ ಹೇಳಿ. ತಿಳಿಯದಿದ್ದರೆ ಕೇಳಿ, ನಾಚಿಕೆ ಬೇಡ. ಅರ್ಥವಾಗದ್ದನ್ನು ಎದ್ದು ನಿಂತು ಕೇಳು ಎಂದು ಈ ಶಾಲೆಯ ಮೇಷ್ಟ್ರುಗಳು ನಮಗೆ ಕಲಿಸಿದ್ದರು. ಆ ದಿನ ಅಂಗಡಿಯಲ್ಲಿ ನಾನು ಅದನ್ನು ಮರೆತಿದ್ದೆ.

ಆ ನೀಲಿ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ.