ಒಂದೇ ಕಲ್ಲು, ಎರಡು ಬಣ್ಣದ ಮಣ್ಣು

ಮಕ್ಕಳೇ, ಬೀದರ್ ಕೋಟೆಯನ್ನು ನೋಡಿದ್ದೀರಾ? ಅದರ ಗೋಡೆಗಳು ಹೆಚ್ಚಾಗಿ ಕೆಂಪು ಕಲ್ಲಿನವು. ಬಂಡೆ ಕಡಿದು ಮಾಡಿದ ಕಂದಕವೂ ಕೆಂಪೇ. ಆದರೆ ಊರಿನ ದಿಬ್ಬ ಇಳಿದು ಹೊಲಗಳಿಗೆ ಬಂದರೆ ತೊಗರಿ, ಜೋಳ ಬೆಳೆಯುವ ನೆಲ ಕಪ್ಪು. ಇನ್ನೂ ಸೋಜಿಗದ ಸಂಗತಿ ಎಂದರೆ, ಆ ಕೆಂಪು, ಈ ಕಪ್ಪು ಎರಡೂ ಹುಟ್ಟಿದ್ದು ಒಂದೇ ಬಗೆಯ ಕಲ್ಲಿನಿಂದ!

ಅದು ಬಸಾಲ್ಟ್ ಎಂಬ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲಿ, ನೆಲದ ಉದ್ದುದ್ದ ಬಿರುಕುಗಳಿಂದ ಲಾವಾ ಉಕ್ಕಿ ಹರಡಿತು. ಆರಿ ಗಟ್ಟಿಯಾದ ಮೇಲೆ ಮತ್ತೊಮ್ಮೆ ಉಕ್ಕಿತು. ಹೀಗೆ ಪದರದ ಮೇಲೆ ಪದರ ಸೇರಿ ಇಂದಿನ ಮಹಾರಾಷ್ಟ್ರದ ಬಹುಭಾಗ, ನಮ್ಮ ಬೀದರ್, ಕಲಬುರಗಿ, ವಿಜಯಪುರಗಳ ಕಡೆಯ ಹೆಚ್ಚಿನ ನೆಲ ಬಸಾಲ್ಟ್ ಆಯಿತು.

ಈ ಕಲ್ಲಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣದ ಅಂಶ, ಸಿಲಿಕಾ ಎಲ್ಲ ಇವೆ. ಮುಂದೆ ಇದು ಯಾವ ಮಣ್ಣಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನೀರು.

ಸೆಕೆಯೂ ಮಳೆಯೂ ವಿಪರೀತ ಇದ್ದಲ್ಲಿ ನೀರು ಕಲ್ಲಿನೊಳಗೆ ಇಳಿಯುತ್ತ ಸುಣ್ಣ, ಸಿಲಿಕಾಗಳನ್ನು ಕರಗಿಸಿ ಕೊಂಡೊಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಕಬ್ಬಿಣ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಂಪಾಗುತ್ತದೆ. ಬೀದರಿನ ಕೆಂಪು ಕಲ್ಲು ಹೀಗೆ ಆದದ್ದು. ಇದನ್ನು ಜಂಬಿಟ್ಟಿಗೆ ಎನ್ನುತ್ತಾರೆ.

ಬೀದರಿನಲ್ಲಿ ಅಂಥ ಮಳೆ ಎಲ್ಲಿದೆ ಎಂದು ಕೇಳುತ್ತೀರಾ? ಒಳ್ಳೆಯ ಪ್ರಶ್ನೆ. ಈಗ ಇಲ್ಲ, ಆಗ ಇತ್ತು. ಲಾವಾ ಉಕ್ಕಿದಾಗ ನಮ್ಮ ನೆಲ ಸಮಭಾಜಕ ವೃತ್ತಕ್ಕಿಂತ ದಕ್ಷಿಣದಲ್ಲಿತ್ತು. ನಿಧಾನವಾಗಿ ಉತ್ತರಕ್ಕೆ ಸರಿಯುತ್ತ ಬಿಸಿ, ಮಳೆಯ ವಲಯವನ್ನು ದಾಟಿ ಬಂತು. ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಲೇ ಇದೆ. ಕೋಟೆಯ ಗೋಡೆ ಮುಟ್ಟಿದರೆ ಕೋಟಿಗಟ್ಟಲೆ ವರ್ಷಗಳ ಹಿಂದೆ ಸುರಿದ ಮಳೆಯ ಗುರುತನ್ನೇ ಮುಟ್ಟಿದಂತೆ. ನನಗೆ ಈ ಕಲ್ಲು ಇಷ್ಟವಾಗುವುದು ಅದಕ್ಕೇ.

ಕೆಳಗಿನ ಹೊಲಗಳ ಕಥೆ ಬೇರೆ. ದಿಬ್ಬದ ಅಂಚು ಸವೆದು ಬಸಾಲ್ಟ್ ಹೊರಗೆ ಬಿದ್ದ ಮೇಲೆ ಅಲ್ಲಿ ಅಷ್ಟು ಮಳೆ ಸಿಗಲಿಲ್ಲ. ಸುಣ್ಣ, ಸಿಲಿಕಾ ಪೂರ್ತಿ ತೊಳೆದು ಹೋಗದೆ ಉಳಿದು ವಿಶೇಷವಾದ ಜೇಡಿ ಆಯಿತು. ಅದೇ ಎರೆಮಣ್ಣು. ಈ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರ. ನೀರು ಪದರಗಳ ನಡುವೆ ನುಗ್ಗಿದರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಕೈ ಇಳಿಸುವಷ್ಟು ಬಿರುಕು ಬಿಡುವುದು ಇದರಿಂದಲೇ. ಮೊದಲ ಮಳೆಗೆ ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಬಿದ್ದು, ಹೊಲ ತನ್ನನ್ನು ತಾನೇ ಒಂದಿಷ್ಟು ಮಗುಚಿಕೊಳ್ಳುತ್ತದೆ!

ನೀವೂ ನೋಡಬಹುದು. ಎರೆಮಣ್ಣು, ಕೆಂಪು ಮಣ್ಣು ಒಂದೊಂದು ಹಿಡಿ ತಂದು, ನೀರಿನಲ್ಲಿ ಕಲಸಿ ಬಿಲ್ಲೆ ತಟ್ಟಿ ಬಿಸಿಲಿಗಿಡಿ. ಒಣಗಿದ ಮೇಲೆ ಯಾವುದು ಹೆಚ್ಚು ಕುಗ್ಗಿ ಬಿರಿದಿದೆ ಎಂದು ಅಳತೆಪಟ್ಟಿಯಿಂದ ಅಳೆಯಿರಿ.

ಜಂಬಿಟ್ಟಿಗೆ, ಬಸಾಲ್ಟ್ ಎಂಬ ಈ ಎರಡು ಕಲ್ಲುಗಳ ಜೋಡಿಯಿಂದ ಬೀದರಿಗೆ ನೀರೂ ಸಿಕ್ಕಿದೆ. ಜಂಬಿಟ್ಟಿಗೆಯ ಮೈತುಂಬ ಸಣ್ಣ ತೂತು, ಹಾಗಾಗಿ ಮಳೆನೀರು ಸರಾಗವಾಗಿ ಒಳಗಿಳಿಯುತ್ತದೆ. ಅಡಿಯ ಜೇಡಿ ಮತ್ತು ಬಸಾಲ್ಟ್ ಅದನ್ನು ತಡೆಯುತ್ತವೆ. ಮುಂದೆ ದಾರಿಯಿಲ್ಲದ ನೀರು ಅಡ್ಡಕ್ಕೆ ಹರಿದು ದಿಬ್ಬದ ಅಂಚಿನಲ್ಲಿ ಚಿಲುಮೆಯಾಗಿ ಹೊರಬೀಳುತ್ತದೆ. ನಾನಕ್ ಝೀರಾ ಗುರುದ್ವಾರದಲ್ಲಿ ಹರಿಯುವುದು ಇಂಥ ನೀರೇ, ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಎದೆಮಟ್ಟ ಇಳಿದು ನಡೆಯುವುದೂ ಇಂಥ ನೀರಿನಲ್ಲೇ. ಬೀದರನ್ನು ಆಳಿದ ಬಹಮನಿ ಸುಲ್ತಾನರ ಕಾಲದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬೀದರ್ ಪಕ್ಕದ ನೌಬಾದಿನಲ್ಲಿ ನೆಲದೊಳಗೆ ಸುರಂಗ ತೋಡಿ, ಬಾವಿಯಂಥ ಕಿಂಡಿಗಳನ್ನು ಸಾಲಾಗಿ ಇಳಿಸಿ, ಇಳಿಜಾರಿನ ಬಲದಿಂದಲೇ ನೀರು ಹರಿಯುವಂತೆ ಕರೇಜ್ ಎಂಬ ವ್ಯವಸ್ಥೆ ಕಟ್ಟಿದರು. ಬೀದರಿಗೆ ಹೋದಾಗ ಆ ಕಿಂಡಿಯ ಬಳಿ ದೊಡ್ಡವರ ಕೈ ಹಿಡಿದು ನಿಂತು, ಕಲ್ಲಿನ ತೂತುಗಳನ್ನು ಹತ್ತಿರದಿಂದ ನೋಡಿ.