ಗೇಣುದ್ದದ ಮರಿ, ಮಾರುದ್ದದ ಹೊಣೆ

(ಉತ್ತರಹಳ್ಳಿಯ ನಿವಾಸಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಪರಿಸರ ಚಳವಳಿಯೆಂದರೆ ಮಲೆನಾಡಿನವರಿಗೆ ಥಟ್ಟನೆ ನೆನಪಾಗುವುದು ಕಾಡು, ನದಿ, ಅಣೆಕಟ್ಟು, ಗಣಿ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿರುವ ಗಾಜಿನ ಪೆಟ್ಟಿಗೆಗೂ ಆ ಚಳವಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಆದರೆ ಕಾಡಿನ ಪ್ರಶ್ನೆ ಕಾಡಿನ ಅಂಚಿನಲ್ಲಿ ಮುಗಿಯುವುದಿಲ್ಲ. ವನ್ಯಜೀವಿಗೆ ಬೆಲೆ ಕೊಡುವ ಕೈ ನಗರದಲ್ಲಿದ್ದರೆ, ಅದನ್ನು ಹಿಡಿದು ಚೀಲಕ್ಕೆ ತುಂಬುವ ಕೈ ಯಾವುದಾದರೊಂದು ಕಾಡಿನಲ್ಲಿ ಇದ್ದೇ ಇರುತ್ತದೆ. ಆ ಕಾಡು ಸಹ್ಯಾದ್ರಿಯದಾಗಿರಬಹುದು, ಆಫ್ರಿಕದ್ದಾಗಿರಬಹುದು, ದಕ್ಷಿಣ ಅಮೆರಿಕದ್ದಾಗಿರಬಹುದು.

ದೊಡ್ಡ ಜಾತಿಯ ಹಲ್ಲಿಗಳನ್ನು ಮನೆಯೊಳಗೆ ಸಾಕುವ ಹವ್ಯಾಸವೇ ಇಂದಿನ ವಿಷಯ. ಹಲ್ಲಿಯೆಂದೊಡನೆ ಗೋಡೆಯ ಮೇಲೆ ಲೊಚಗುಟ್ಟುವ ಜೀವಿಯಷ್ಟೇ ಕಣ್ಣಿಗೆ ಬರುತ್ತದೆ. ಆದರೆ ಆ ಬಳಗ ದೊಡ್ಡದು. ಅದರಲ್ಲಿ ಬೇಲಿಯ ಓತಿಕೇತವಿದೆ, ಹಿತ್ತಿಲಿನ ಹಾವುರಾಣಿಯಿದೆ, ಹೊಲಗದ್ದೆಗಳ ಉಡವಿದೆ. ಕಡಲಾಚೆ ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಹಸಿರು ಇಗುವಾನಾ ಇದೆ. ನಗರದ ಹವ್ಯಾಸಿಗಳ ಕಣ್ಣು ಬಿದ್ದಿರುವುದು ಮುಖ್ಯವಾಗಿ ಕೊನೆಯ ಎರಡರ ಮೇಲೆ: ಉಡ ಮತ್ತು ಅದರ ವಿದೇಶಿ ಸೋದರ ಜಾತಿಗಳು ಒಂದು ಕಡೆ, ಇಗುವಾನಾ ಇನ್ನೊಂದು ಕಡೆ.

ಮೊದಲು ಉಡದ ಮಾತು. ಕನ್ನಡಿಗರಿಗೆ ಇದು ಅಪರಿಚಿತ ಪ್ರಾಣಿಯಲ್ಲ. ಬಿಡದೆ ಹಿಡಿದ ಹಟಕ್ಕೆ ‘ಉಡದ ಪಟ್ಟು’ ಎನ್ನುವ ಮಾತು ಇಂದಿಗೂ ಬಳಕೆಯಲ್ಲಿದೆ. ಸಂಡೂರು, ಮುಧೋಳಗಳ ಘೋರ್ಪಡೆ ಮನೆತನದ ಹೆಸರು ಮರಾಠಿಯಲ್ಲಿ ಉಡಕ್ಕಿರುವ ‘ಘೋರ್ಪಡ್’ ಎಂಬ ಹೆಸರಿನಿಂದ ಬಂದದ್ದೆಂಬ ಐತಿಹ್ಯವಿದೆ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಏರಿದ ಕಥೆ ಅದು. ಬಾಲವೂ ಸೇರಿದರೆ ಒಂದೂವರೆ ಮೀಟರ್ ಮೀರಿ ಬೆಳೆಯಬಲ್ಲ ಈ ಪ್ರಾಣಿ ಏಡಿ, ಚೇಳು, ಜೀರುಂಡೆ, ಇಲಿ, ಮೊಟ್ಟೆ, ಸತ್ತ ಪ್ರಾಣಿಯ ಮಾಂಸ ಎಲ್ಲವನ್ನೂ ತಿಂದು ಹೊಲದ ಲೆಕ್ಕವನ್ನು ಸರಿದೂಗಿಸುತ್ತದೆ. ಹಾವಿನಂತೆ ಸೀಳಿದ ನಾಲಿಗೆಯನ್ನು ಹೊರಚಾಚಿ ಗಾಳಿಯ ವಾಸನೆ ಹಿಡಿಯುತ್ತ, ದಿನವಿಡೀ ಅಲೆದು ಆಹಾರ ಹುಡುಕುವುದು ಅದರ ಬದುಕು. ಅಂಥ ಅಲೆಮಾರಿಯನ್ನು ಹತ್ತು ಅಡಿಯ ಕೋಣೆಯಲ್ಲಿ ಕೂಡಿಹಾಕಿದರೆ ಅದಕ್ಕೆ ಸಾಕಣೆಯೆಂದು ಹೆಸರಿಡುವುದು ಹೇಗೆ?

ಉಡದ ವಿಷಯದಲ್ಲಿ ಕಾನೂನು ಯಾವ ಸಂದೇಹಕ್ಕೂ ಎಡೆಯಿಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಅದು ಹುಲಿ, ಆನೆಗಳ ಜೊತೆ ಸೇರಿದೆ. ಅದನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. 3ರಿಂದ 7 ವರ್ಷಗಳ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಇದಕ್ಕಿರುವ ಶಿಕ್ಷೆ. ಹೀಗಿದ್ದೂ ಉಡದ ಬೇಟೆ ನಿಂತಿಲ್ಲ. ಮಾಂಸಕ್ಕಾಗಿ, ಎಣ್ಣೆಗಾಗಿ, ಮೂಢನಂಬಿಕೆಗಾಗಿ ಅದು ಸಾಯುತ್ತಲೇ ಇದೆ. ಅದೃಷ್ಟ ತರುವ ಅಪರೂಪದ ಬೇರು ಎಂದು ‘ಹತ್ತಾ ಜೋಡಿ’ಯ ಹೆಸರಿನಲ್ಲಿ ಮಾರಲಾಗುತ್ತಿದ್ದ ವಸ್ತು ಗಂಡು ಉಡದ ಒಣಗಿಸಿದ ಜನನೇಂದ್ರಿಯ ಎಂಬುದು 2017ರಲ್ಲಿ ಬಯಲಾಯಿತು.

ಇಲ್ಲಿ ನೆನೆಯಬೇಕಾದ ಒಂದು ಸಂಗತಿಯಿದೆ. ಜಯನಗರ, ಬನಶಂಕರಿಗಳ ಸಂಗೀತ ಸಭೆಗಳಲ್ಲಿ ಖಂಜಿರ ಕೇಳದವರು ವಿರಳ. ಆ ಪುಟ್ಟ ವಾದ್ಯಕ್ಕೆ ಹಿಂದೆ ಹೊದಿಸುತ್ತಿದ್ದುದು ಉಡದ ಚರ್ಮ. ವನ್ಯಜೀವಿ ಕಾನೂನು ಬಿಗಿಯಾದ ಮೇಲೆ ಮೇಕೆಯ ಚರ್ಮ ಮತ್ತು ಕೃತಕ ಹೊದಿಕೆಗಳು ಬಂದವು. ನಾದದಲ್ಲಿ ವ್ಯತ್ಯಾಸವಿದೆಯೆಂದು ವಿದ್ವಾಂಸರು ಹೇಳಬಹುದು. ಆದರೆ ಖಂಜಿರ ಉಳಿದಿದೆ, ಲಯ ಉಳಿದಿದೆ. ತಲೆಮಾರುಗಳ ಕಲೆಯೊಂದು ಇಷ್ಟನ್ನು ಬಿಟ್ಟುಕೊಟ್ಟು ಬದುಕಬಲ್ಲದಾದರೆ, ನಿನ್ನೆ ಮೊನ್ನೆ ಹುಟ್ಟಿದ ಹವ್ಯಾಸವೊಂದು ತನ್ನ ಬಯಕೆಗೆ ಮಿತಿ ಹಾಕಿಕೊಳ್ಳುವುದು ಅಸಾಧ್ಯವೇ?

ಇನ್ನು ವಿದೇಶಿ ಪ್ರಾಣಿಗಳ ವಿಚಾರ. 2023ರ ಜನವರಿಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗಿದ್ದ 18 ಪ್ರಾಣಿಗಳನ್ನು ವಶಪಡಿಸಿಕೊಂಡರು. ಅದರ ಜಾಡು ಹಿಡಿದು ಬೆಂಗಳೂರಿನ ತೋಟದ ಮನೆಯೊಂದನ್ನು ಶೋಧಿಸಿದಾಗ 48 ಜಾತಿಗಳ 139 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ ಅನಕೊಂಡ, ಹೆಬ್ಬಾವು, ಗೋಸುಂಬೆಗಳೊಡನೆ ಇಗುವಾನಾಗಳೂ ಆಫ್ರಿಕದ ನೈಲ್ ಉಡವೂ ಇದ್ದವು. ಪ್ರಾಣಿಗಳನ್ನು ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಒಪ್ಪಿಸಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದಲೇ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಗಳಲ್ಲಿ 234 ವನ್ಯಜೀವಿಗಳು ಪತ್ತೆಯಾದವು. ಅವುಗಳ ನಡುವೆ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೊಂದಿತ್ತು. ಕೊಳ್ಳುವವರಿಲ್ಲದೆ ಯಾರೂ ಇಂಥ ಪೆಟ್ಟಿಗೆ ತುಂಬುವುದಿಲ್ಲ.

ಹವ್ಯಾಸಿಗಳ ಸಮರ್ಥನೆಯನ್ನೂ ನ್ಯಾಯವಾಗಿ ಕೇಳಬೇಕು. ಇಗುವಾನಾ ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ಸೊಪ್ಪು ತಿಂದು ಬದುಕುತ್ತದೆ, ಅನೇಕ ಮರಿಗಳು ಸಾಕಣೆ ಕೇಂದ್ರಗಳಲ್ಲೇ ಹುಟ್ಟಿದವು, ಮಕ್ಕಳಿಗೆ ಜೀವಜಗತ್ತಿನ ಕುತೂಹಲ ಮೂಡುತ್ತದೆ ಎನ್ನುವುದು ಅವರ ವಾದ. ಇದರಲ್ಲಿ ಸತ್ಯಾಂಶವಿದೆ. ಹಾವು ಹಲ್ಲಿಗಳನ್ನು ಕಂಡರೆ ಕಲ್ಲೆತ್ತುವ ಸಮಾಜದಲ್ಲಿ ಅವುಗಳನ್ನು ಪ್ರೀತಿಸುವ ಯುವಕ ಯುವತಿಯರನ್ನು ಹಳಿಯುವುದು ಸರಿಯಲ್ಲ. ಆದರೆ ಪ್ರೀತಿಯ ಪರೀಕ್ಷೆ ನಡೆಯುವುದು ಕೊಳ್ಳುವ ದಿನವಲ್ಲ. ಮುಂದಿನ ಹದಿನೈದು ವರ್ಷಗಳ ಪ್ರತಿದಿನ.

ಅಂಗಡಿಯಲ್ಲಿ ಸಿಗುವ ಮರಿ ಗೇಣುದ್ದ. ಕೆಲವೇ ವರ್ಷಗಳಲ್ಲಿ ಅದು ಬಾಲ ಸೇರಿ ಒಂದೂವರೆ ಮೀಟರ್ ದಾಟಿ ಮಾರುದ್ದದತ್ತ ಬೆಳೆಯುತ್ತದೆ. ಮರದ ಮೇಲೆ ಬದುಕುವ ಪ್ರಾಣಿಯಾದ್ದರಿಂದ ಅದಕ್ಕೆ ಉದ್ದದಷ್ಟೇ ಎತ್ತರವೂ ಬೇಕು. ಬೆಳೆದ ಇಗುವಾನಾದ ಪಂಜರವೆಂದರೆ ಆರಡಿ ಎತ್ತರ, ಆರಡಿ ಉದ್ದದ ಒಂದು ಕೋಣೆಯೇ. ಎರಡು ಮಲಗುವ ಕೋಣೆಗಳ ಬಾಡಿಗೆ ಮನೆಯಲ್ಲಿ ಅಷ್ಟು ಜಾಗವನ್ನು, ಮನೆ ಬದಲಾಯಿಸಿದಾಗಲೂ ಬಿಡದೆ, ಅದಕ್ಕೆಂದೇ ಮೀಸಲಿಡಬಲ್ಲವರು ಎಷ್ಟು ಜನ?

ಜಾಗಕ್ಕಿಂತ ದೊಡ್ಡದು ಬಿಸಿಲಿನ ಪ್ರಶ್ನೆ. ಸರೀಸೃಪಕ್ಕೆ ತನ್ನ ಮೈಯೊಳಗೆ ಒಲೆಯಿಲ್ಲ. ಹೊರಗಿನ ಶಾಖದಿಂದಲೇ ಅದು ಮೈ ಕಾಯಿಸಿಕೊಂಡು ಆಹಾರ ಜೀರ್ಣಿಸಿಕೊಳ್ಳಬೇಕು. ಇಗುವಾನಾಕ್ಕೆ ಬಿಸಿಲು ಕಾಯುವ ಜಾಗದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ. ಆಗ ಶಾಖದ ದೀಪ ಬೇಕು. ವಿದ್ಯುತ್ ಹೋದಾಗ ಅದಕ್ಕೆ ಬದಲಿ ವ್ಯವಸ್ಥೆ ಬೇಕು. ಅಷ್ಟೇ ಅಲ್ಲ. ಸೂರ್ಯನ ಬೆಳಕಿನ ನೇರಳಾತೀತ ‘ಬಿ’ ಕಿರಣ ಚರ್ಮಕ್ಕೆ ಬಿದ್ದರೆ ಮಾತ್ರ ಅದರ ದೇಹದಲ್ಲಿ ಡಿ3 ಜೀವಸತ್ವ ಸರಿಯಾಗಿ ತಯಾರಾಗುತ್ತದೆ. ಅದಿಲ್ಲದೆ ಆಹಾರದ ಸುಣ್ಣದಂಶ ಮೂಳೆಗೆ ಸೇರದು. ಕಿಟಕಿಯ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಗಾಜಿನ ಹಿಂದೆ ಬಿಸಿಲಿನಲ್ಲಿ ಮಲಗಿದ ಇಗುವಾನಾ ಸುಖವಾಗಿರುವಂತೆ ಕಂಡರೂ ಅದಕ್ಕೆ ಸಿಗುತ್ತಿರುವುದು ಶಾಖ ಮಾತ್ರ. ವಿಶೇಷ ದೀಪವಿಟ್ಟರೂ ಅದರ ಕಿರಣದ ಶಕ್ತಿ ತಿಂಗಳುಗಳಲ್ಲೇ ಕುಂದುತ್ತದೆ. ಬೆಳಕು ಕಾಣುತ್ತಿದ್ದರೂ ಪ್ರಯೋಜನವಿರುವುದಿಲ್ಲ.

ಪರಿಣಾಮವಾಗಿ ಮೂಳೆಯ ರೋಗ ಬರುತ್ತದೆ. ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಮೈ ನಡುಗುತ್ತದೆ, ಸಣ್ಣ ಏಟಿಗೂ ಮೂಳೆ ಮುರಿಯುತ್ತದೆ. ನಾಯಿಯಂತೆ ಕುಂಯ್‌ಗುಡದ, ಬೆಕ್ಕಿನಂತೆ ಕೂಗದ ಈ ಪ್ರಾಣಿಯ ನೋವು ಮನೆಯವರಿಗೆ ತಿಳಿಯುವುದು ತಡವಾಗಿ. ಅಕ್ಕರೆಯಿಂದ ಹಾಕಿದ ಆಹಾರವೂ ಕೆಲವೊಮ್ಮೆ ವಿಷವಾಗುತ್ತದೆ: ಮೊಟ್ಟೆ, ಮಾಂಸ ಈ ಸಸ್ಯಾಹಾರಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು, ಪಾಲಕ್ ಸೊಪ್ಪಿನ ಆಕ್ಸಲೇಟ್ ಅಂಶ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಗಂಡಿನ ಜೊತೆಯಿಲ್ಲದಿದ್ದರೂ ಹೆಣ್ಣು ಮೊಟ್ಟೆ ಕಟ್ಟಬಲ್ಲದು; ಇಡಲು ತಕ್ಕ ಮಣ್ಣು ಸಿಗದಿದ್ದರೆ ಮೊಟ್ಟೆಗಳು ಒಳಗೇ ಉಳಿದು ಪ್ರಾಣಕ್ಕೆ ಕುತ್ತಾಗಬಹುದು. ಬೆದೆಗೆ ಬಂದ ಗಂಡು ತನ್ನನ್ನು ಸಾಕಿದವರನ್ನೇ ಕಚ್ಚಬಹುದು, ಬಾಲದಿಂದ ಚಾಟಿಯಂತೆ ಬಾರಿಸಬಹುದು.

ಮನೆಯವರ ಆರೋಗ್ಯದ ಮಾತೂ ಇದೆ. ಆರೋಗ್ಯವಾಗಿ ಕಾಣುವ ಸರೀಸೃಪದ ಮಲದಲ್ಲೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು ಇರುವ ಮನೆಯಲ್ಲಿ ಇದು ಕಡೆಗಣಿಸುವ ಸಂಗತಿಯಲ್ಲ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಅದರ ಪಾತ್ರೆಗಳನ್ನು ಅಡಿಗೆಮನೆಯಲ್ಲಿ ತೊಳೆಯದಿರುವುದು ಕನಿಷ್ಠ ಎಚ್ಚರಿಕೆ.

ಹೀಗೆ ಭಾರ ಹೆಚ್ಚುತ್ತ ಹೋದಾಗ ಅನೇಕರಿಗೆ ಹೊಳೆಯುವ ಉಪಾಯವೇ ಎಲ್ಲಕ್ಕಿಂತ ಅಪಾಯಕಾರಿಯಾದುದು: ‘ಕಾಡಿಗೆ ಬಿಟ್ಟುಬಿಡೋಣ.’ ಉತ್ತರಹಳ್ಳಿಗೆ ಸಮೀಪದಲ್ಲೇ ತುರಹಳ್ಳಿ ಅರಣ್ಯವಿದೆ, ಕೆರೆಗಳಿವೆ. ಸ್ವಾತಂತ್ರ್ಯ ಕೊಟ್ಟೆವೆಂಬ ಸಮಾಧಾನದಿಂದ ಅಲ್ಲಿ ಬಿಟ್ಟು ಬರುವ ಪ್ರಾಣಿ ಒಂದೋ ಹಸಿವು, ನಾಯಿ, ವಾಹನಗಳಿಗೆ ಸಿಕ್ಕಿ ಸಾಯುತ್ತದೆ. ಇಲ್ಲವೇ ಬದುಕಿ ಸಂತಾನ ಬೆಳೆಸುತ್ತದೆ. ಎರಡನೆಯದು ಕಲ್ಪನೆಯಲ್ಲ. ಒಂದು ಹೆಣ್ಣು ಇಗುವಾನಾ ಒಂದು ಬಾರಿಗೆ ಹತ್ತಾರು ಮೊಟ್ಟೆಗಳನ್ನಿಡುತ್ತದೆ. ಸಾಕುಪ್ರಾಣಿಯಾಗಿ ಹೋಗಿ ಹೊರಬಿದ್ದ ಇಗುವಾನಾಗಳು ಅಮೆರಿಕದ ಫ್ಲಾರಿಡಾದಲ್ಲಿ ಕಾಲುವೆಯ ದಂಡೆಗಳನ್ನು ಕೊರೆದು ಹಬ್ಬಿದವು. 2021ರಲ್ಲಿ ಆ ರಾಜ್ಯ ಅವುಗಳನ್ನು ನಿಷೇಧಿತ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ತೈವಾನ್ ದ್ವೀಪದಲ್ಲಿ ಅವು ಬೆಳೆ ಹಾಳುಮಾಡುವ ಪಿಡುಗಾಗಿ, 2025ರಲ್ಲಿ 1,20,000ದಷ್ಟನ್ನು ಕೊಲ್ಲುವ ಯೋಜನೆ ಸುದ್ದಿಯಾಯಿತು. ಯಾರೋ ಮುದ್ದಿಸಿ ಬಿಟ್ಟ ಮರಿಗಳ ಸಂತಾನ ಗುಂಡಿಗೆ ಬಲಿಯಾಗುವ ಸ್ಥಿತಿ ಹೀಗೆ ಬರುತ್ತದೆ. ತಪ್ಪು ಪ್ರಾಣಿಯದಲ್ಲ, ಶಿಕ್ಷೆ ಮಾತ್ರ ಅದಕ್ಕೆ.

ಕಾನೂನು ಈಗ ಈ ದಿಕ್ಕಿಗೂ ಕಣ್ಣು ಹಾಯಿಸಿದೆ. ಇಗುವಾನಾ, ವಿದೇಶಿ ಉಡಗಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಸ್ವಯಂಪ್ರೇರಿತರಾಗಿ ಘೋಷಿಸಿಕೊಳ್ಳಲು ಅವಕಾಶ ನೀಡಿತು. 2022ರ ತಿದ್ದುಪಡಿಯ ಮೂಲಕ ಸೈಟಿಸ್ ಪಟ್ಟಿಯ ಜೀವಿಗಳು ವನ್ಯಜೀವಿ ಕಾಯ್ದೆಯ ನಾಲ್ಕನೆಯ ಅನುಸೂಚಿಯಾಗಿ ಸೇರಿದವು. ಅದು 2023ರ ಏಪ್ರಿಲ್ 1ರಂದು ಜಾರಿಗೆ ಬಂತು. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಇಂಥ ಜೀವಂತ ಪ್ರಾಣಿಗಳನ್ನು ‘ಪರಿವೇಶ್’ ಜಾಲತಾಣದ ಮೂಲಕ ನೋಂದಾಯಿಸುವುದು ಕಡ್ಡಾಯ. ಅಂಗಡಿಯವನ ಬಾಯಿಮಾತು ದಾಖಲೆಯಾಗದು.

ಹಾಗಾದರೆ ಈಗಾಗಲೇ ಮನೆಯಲ್ಲಿ ಇಗುವಾನಾ ಇರುವವರು ಏನು ಮಾಡಬೇಕು? ಅವರು ಹೆದರಿ ಬಚ್ಚಿಡಬಾರದು, ಕತ್ತಲಲ್ಲಿ ಕೆರೆಯಂಚಿಗೆ ಬಿಡಬಾರದು. ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗವನ್ನು ಕಂಡು ತಮ್ಮ ಸ್ಥಿತಿ ತಿಳಿಸಬೇಕು. ಸರೀಸೃಪಗಳನ್ನು ಬಲ್ಲ ಪಶುವೈದ್ಯರನ್ನು ಕಾಯಿಲೆ ಬರುವ ಮೊದಲೇ ಹುಡುಕಿಟ್ಟುಕೊಳ್ಳಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಹರಿವೆ, ನುಗ್ಗೆ, ದಾಸವಾಳದ ಎಲೆಗಳಂಥ ಆಹಾರ, ಗಾಜಿನ ತಡೆಯಿಲ್ಲದ ನೇರ ಬಿಸಿಲು, ಬೇಕೆಂದಾಗ ಸರಿದುಕೊಳ್ಳಲು ನೆರಳು, ಹತ್ತಲು ಗಟ್ಟಿ ಕೊಂಬೆ ಒದಗಿಸಬೇಕು. ಮತ್ತೊಂದನ್ನು ತರಬಾರದು, ಮರಿ ಮಾಡಿಸಬಾರದು. ಇನ್ನು ಕಾಂಪೌಂಡಿನೊಳಗೆ ದೇಶಿ ಉಡ ಬಂದರೆ ಅದು ಸಾಕಲು ಸಿಕ್ಕ ಪ್ರಾಣಿಯಲ್ಲ. ಬಹುಪಾಲು ತನ್ನ ಹಳೆಯ ದಾರಿಯಲ್ಲೇ ನಡೆದು ಬಂದ ನೆರೆಯದು. ದೂರ ನಿಂತು ದಾರಿ ಬಿಟ್ಟರೆ ಅದು ಹೋಗುತ್ತದೆ. ಗಾಯಗೊಂಡಿದ್ದರೆ ಉತ್ತರಹಳ್ಳಿ–ಕೆಂಗೇರಿ ರಸ್ತೆಯಲ್ಲೇ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ.

ಕೊನೆಯದಾಗಿ ಕುತೂಹಲದ ಮಾತು. ಮಕ್ಕಳಿಗೆ ಹಲ್ಲಿಗಳ ಲೋಕ ತೋರಿಸಲು ಬ್ಯಾಂಕಾಕಿನ ಪೆಟ್ಟಿಗೆ ಬೇಕಿಲ್ಲ. ಬೆಂಗಳೂರಿನ ಸುತ್ತಲಿನ ಬಂಡೆಗಳ ಮೇಲೆ ಬದುಕುವ ಓತಿಕೇತದ ಗಂಡು ಪ್ರಣಯಕ್ಕೂ ಕಾಳಗಕ್ಕೂ ಕ್ಷಿಪ್ರವಾಗಿ ಮೈಬಣ್ಣ ಬದಲಿಸುತ್ತದೆ. ನಗರದಂಚಿನ ಓತಿಕೇತಗಳು ಸುರಕ್ಷಿತ ಅಡಗುತಾಣ ಯಾವುದೆಂಬುದನ್ನು ಹಳ್ಳಿಗಾಡಿನವುಗಳಿಗಿಂತ ಬೇಗ ಕಲಿಯುತ್ತವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಹಾರುವ ಓತಿಯೊಂದರ ಹುಡುಕಾಟವನ್ನೇ ಕಥೆಯಾಗಿಸಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಓದಿದ ಕನ್ನಡಿಗರಿಗೆ, ಜೀವಿಯೊಂದನ್ನು ಅದರ ನೆಲೆಯಲ್ಲಿ ಕಾಣುವ ರೋಮಾಂಚನ ಏನೆಂದು ವಿವರಿಸಬೇಕಿಲ್ಲ. 2021ರಲ್ಲಿ ತುರಹಳ್ಳಿಯನ್ನು ವೃಕ್ಷೋದ್ಯಾನವಾಗಿಸುವ ಪ್ರಸ್ತಾಪ ಬಂದಾಗ ಈ ಭಾಗದ ನಾಗರಿಕರು ಕಾಡು ಕಾಡಾಗಿಯೇ ಇರಲೆಂದು ದನಿಯೆತ್ತಿದ್ದರು. ಅದೇ ವಿವೇಕ ಮನೆಯೊಳಗಿನ ಗಾಜಿನ ಪೆಟ್ಟಿಗೆಗೂ ಅನ್ವಯಿಸಲಿ. ಕಾಡಿನ ಜೀವಿಗೆ ಕಾಡನ್ನು ಉಳಿಸಿಕೊಡುವುದೇ ಸಾಕುವಿಕೆ. ಈಗಾಗಲೇ ಮನೆಗೆ ಬಂದಿರುವ ಜೀವಿಯನ್ನು ಕೊನೆಯ ದಿನದವರೆಗೆ ಕೈಬಿಡದಿರುವುದು ಅದರ ಇನ್ನೊಂದು ಮುಖ.